ನಿಮ್ಮ 40 ಪ್ರಶ್ನೆಗಳ ಬಗ್ಗೆ

ನಮಸ್ಕಾರ. ನಮ್ಮ ನವೆಂಬರ್ ಸಂಚಿಕೆಗೆಂದು ನೀವು ಉಡುಪಿಯಿಂದ ಕಳಿಸಿದ ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ತಲುಪಿತು. ಯುದ್ಧದ ಸ್ಮರಣೆ, ಪಾನೀಯಗಳು, ಪ್ರಪಂಚದ ಭೂಗೋಳ, ಒಟ್ಟು 40 ಪ್ರಶ್ನೆ. ಪೂರ್ತಿ ಓದಿದೆ. ಈಗ ಇರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಿ ಅನ್ನಲು ನನಗೆ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ಇಂಡಿಯಾ ಗೇಟ್ ಕಟ್ಟಿದ್ದು 1971ರ ಯುದ್ಧದ ನೆನಪಿಗೆ ಅಂದಿದ್ದೀರಿ. ಅದು 1931ರಲ್ಲೇ ಉದ್ಘಾಟನೆಯಾದದ್ದು. ಮೊದಲ ಮಹಾಯುದ್ಧ ಮತ್ತು ಮೂರನೇ ಆಫ್ಘನ್ ಯುದ್ಧದಲ್ಲಿ ಮಡಿದವರ ಸ್ಮಾರಕ. 1971ರ ಯುದ್ಧದ ನಂತರ ಅದರ ಕಮಾನಿನ ಕೆಳಗೆ ಬಂದದ್ದು ಅಮರ್ ಜವಾನ್ ಜ್ಯೋತಿ. ಆ ಜ್ಯೋತಿಯನ್ನೂ 2022ರಲ್ಲಿ ಹತ್ತಿರದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯ ಜೊತೆ ಸೇರಿಸಿದರು. ಕಾಫಿಯ ತವರು ಇಥಿಯೋಪಿಯ. ನೀವು ಬರೆದಿರುವ ಬ್ರೆಜಿಲ್, ಅದನ್ನು ಎಲ್ಲರಿಗಿಂತ ಜಾಸ್ತಿ ಬೆಳೆಯುವ ದೇಶ. ಇನ್ನು ‘ಪ್ರಪಂಚದಲ್ಲಿ ಎಷ್ಟು ದೇಶಗಳಿವೆ?’ ಅಂತ ಕೇಳಿ 195 ಅಂದಿದ್ದೀರಿ. ವಿಶ್ವಸಂಸ್ಥೆಯ ಸದಸ್ಯರು 193. ವೀಕ್ಷಕರಾದ ವ್ಯಾಟಿಕನ್ ಮತ್ತು ಪ್ಯಾಲೆಸ್ತೀನ್ ಸೇರಿಸಿದರೆ 195. ಯಾವ ಲೆಕ್ಕ ಅಂತ ಪ್ರಶ್ನೆಯಲ್ಲೇ ಹೇಳಬೇಕು.

ತಪ್ಪನ್ನು ತಿದ್ದಬಹುದು. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಒಳ್ಳೊಳ್ಳೆ ಪ್ರಶ್ನೆ ಹಿಡಿದು, ಒಂದು ಪದದ ಉತ್ತರ ಕೊಟ್ಟು ಮುಂದೆ ಓಡಿದ್ದೀರಿ. ‘ಫಾಂಟಾ ಹುಟ್ಟಿದ ದೇಶ? ಜರ್ಮನಿ.’ ಇಷ್ಟೇ ಓದಿದವರಿಗೆ ಏನು ಸಿಕ್ಕಿತು ಹೇಳಿ. ಎರಡನೇ ಮಹಾಯುದ್ಧದಲ್ಲಿ ಕೋಕಾ ಕೋಲಾದ ಸಾರ ಅಮೆರಿಕದಿಂದ ಜರ್ಮನಿಗೆ ಬರುವುದು ನಿಂತುಹೋಯಿತು. ಅಲ್ಲಿನ ಕಾರ್ಖಾನೆಯವರು ಹಾಲೊಡಕಿನ ನೀರು, ರಸ ಹಿಂಡಿದ ಸೇಬಿನ ಹಿಪ್ಪೆ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಒಂದು ಪಾನೀಯ ಮಾಡಿದರು. ಅದೇ ಫಾಂಟಾ. ನಾವು ಕುಡಿಯುವ ಕಿತ್ತಳೆಯ ಫಾಂಟಾ ಬಂದದ್ದು 1955ರಲ್ಲಿ, ಇಟಲಿಯಲ್ಲಿ. ಯುದ್ಧ, ಪಾನೀಯ, ಭೂಗೋಳ ಮೂರೂ ಈ ಒಂದೇ ಪ್ರಶ್ನೆಯಲ್ಲಿ ಇತ್ತು ಅಲ್ವಾ?

ಪಾಪಿ ಹೂವಿನ ಪ್ರಶ್ನೆಗೂ ಇದೇ ಗತಿ. ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ಕ್ಕೆ ಬ್ರಿಟನ್ನಿನ ಜನ ಎದೆಗೆ ಕೆಂಪು ಪಾಪಿ ಸಿಕ್ಕಿಸಿಕೊಳ್ಳುತ್ತಾರೆ ಅಂದಿರಿ, ಯಾಕೆ ಅಂತ ಹೇಳಲಿಲ್ಲ. ಆ ಗಿಡದ ಬೀಜ ವರ್ಷಗಟ್ಟಲೆ ಮಣ್ಣಿನೊಳಗೆ ಸುಮ್ನೆ ಬಿದ್ದಿರುತ್ತದೆ. ಮಣ್ಣು ಮಗುಚಿ ಬೆಳಕು ತಾಗಿದರೆ ಮೊಳೆಯುತ್ತದೆ. ಆ ಯುದ್ಧದಲ್ಲಿ ಬೆಲ್ಜಿಯಂ, ಫ್ರಾನ್ಸಿನ ಹೊಲಗಳನ್ನು ಶೆಲ್ಲುಗಳು, ಕಂದಕಗಳು, ಗೋರಿಗಳು ಅಗೆದು ಹಾಕಿದ್ದವು. ಅಲ್ಲೆಲ್ಲ ಆ ಹೂ ಅರಳಿತು. ಇದನ್ನು ತಿಳಿದ ಮೇಲೆ ಉತ್ತರ ಮರೆಯುವುದು ಕಷ್ಟ.

ಇನ್ನೊಂದು ಮಾತು. ಉಡುಪಿಯಲ್ಲಿ ಕೂತು ಬರೆದ 40 ಪ್ರಶ್ನೆಗಳಲ್ಲಿ ನಮ್ಮ ಕರಾವಳಿ ಒಂದು ಕಡೆಯೂ ಬಂದಿಲ್ಲ. ‘ಮಾನ್ಸೂನ್ಡ್ ಮಲಬಾರ್’ ಕಾಫಿಯ ಹೆಸರು ಕೇಳಿದ್ದೀರಲ್ಲ? ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕಾಫಿ ಬೀಜ ಆಫ್ರಿಕದ ತುದಿ ಸುತ್ತಿ ಯೂರೋಪು ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಸಮುದ್ರದ ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತಿತ್ತು, ಹುಳಿ ಇಳಿಯುತ್ತಿತ್ತು. ಅಲ್ಲಿಯವರ ನಾಲಿಗೆಗೆ ಆ ರುಚಿಯೇ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗುಗಳು ಬಂದವು, ದಾರಿ ಗಿಡ್ಡವಾಯಿತು, ಹಳೆಯ ರುಚಿ ಹೋಯಿತು. ಅದನ್ನು ಮತ್ತೆ ತರಲು ಕಾಫಿ ಬೀಜ ಹದ ಮಾಡುವ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮಳೆಗಾಲದ ಗಾಳಿಯನ್ನೇ ಬಳಸುತ್ತಾರೆ. ಗಾಳಿಯಾಡುವ ಗೋಡೌನಿನ ನೆಲದಲ್ಲಿ ಬೀಜ ಹರಡಿ, ಆಗಾಗ ಎಳೆದು ತಿರುವಿ, ವಾರಗಟ್ಟಲೆ ಬಿಡುತ್ತಾರೆ. ಇಂಥ ವಿಷಯ ಪಕ್ಕದಲ್ಲೇ ಇರುವಾಗ ರಾಜಧಾನಿಗಳ ಪಟ್ಟಿ ಯಾಕೆ ಬೇಕು?

ಭೂಗೋಳಕ್ಕೆ ಮಲ್ಪೆಯಿಂದ ದೋಣಿ ಹತ್ತಿದರೆ ಸಾಕು. ಸೇಂಟ್ ಮೇರೀಸ್ ದ್ವೀಪದ ಆ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಯುದ್ಧಕ್ಕೆ ಬಂದರೆ, ಜರ್ಮನ್ ಪಾದ್ರಿಗಳೂ ಇದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಗಳಿವೆ. ಮೊದಲ ಮಹಾಯುದ್ಧದ ಹೊತ್ತಿಗೆ ಅವು ಶತ್ರುಗಳ ಆಸ್ತಿಯಾಗಿ ಬ್ರಿಟಿಷರ ಕೈಗೆ ಹೋದವು. ಮೂವರು ಸೈನಿಕರ ಪ್ರತಿಮೆಗಳಿರುವ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಬಗ್ಗೆ ನೀವೇ ಕೇಳಿದ್ದೀರಿ. ಆ ಮೂವರಲ್ಲಿ ಒಬ್ಬ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಸವಾರ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರ ಪೈಕಿ ಆ ಪಡೆಯವರೂ ಇದ್ದರು ಅಂತ ಒಂದು ಸಾಲು ಸೇರಿಸಿ.

40 ಬೇಡ, 12 ಸಾಕು. ಪ್ರತಿ ಉತ್ತರಕ್ಕೂ ನಾಲ್ಕೈದು ಸಾಲು ಇರಲಿ. ಇಲ್ಲಿ ನಾನು ಹೇಳಿದ್ದನ್ನೇ ತುಂಬಿಸಬೇಡಿ, ಅರ್ಧದಷ್ಟಾದರೂ ನೀವು ಹುಡುಕಿದ್ದು ಬರಲಿ. ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕಕ್ಕೆ ಒಮ್ಮೆ ಹೋಗಿ ಬನ್ನಿ, ಅಲ್ಲಿಂದ ಒಂದು ಪ್ರಶ್ನೆ ನನಗೆ ಬೇಕೇ ಬೇಕು. ಅಕ್ಟೋಬರ್ 10ರೊಳಗೆ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ನವೆಂಬರ್ ಸಂಚಿಕೆಯಲ್ಲೇ ಎರಡು ಪುಟ ಇಟ್ಟಿರುತ್ತೇನೆ.

ಸಂಪಾದಕ