ಪ್ರೀಮಿಯರ್‌ನಿಂದ ಲಾಜಿಕ್‌ಗೆ ಆಡಿಯೊ ಟ್ರ್ಯಾಕ್‌ಗಳನ್ನು ಸಾಗಿಸುವುದು ಹೇಗೆ?

ವೀಡಿಯೊ ಸಂಕಲನದ ತಂತ್ರಾಂಶ ಪ್ರೀಮಿಯರ್ ಪ್ರೊದಲ್ಲಿ ಸಂಕಲನವಾದ ಕಿರುಚಿತ್ರದ ಧ್ವನಿಯನ್ನು ಧ್ವನಿ ತಂತ್ರಾಂಶ ಲಾಜಿಕ್ ಪ್ರೊದಲ್ಲಿ ಮಿಕ್ಸ್ ಮಾಡಬೇಕು, ಟ್ರ್ಯಾಕ್‌ಗಳು ಬೇರೆ ಬೇರೆಯಾಗಿಯೇ ಉಳಿಯಬೇಕು ಎಂದು ಕೇಳಿದ್ದೀರಿ. ಎಎಎಫ್ ಕಡತವಾಗಿ (ಟ್ರ್ಯಾಕ್‌ಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ ಮಾದರಿ) ಎಕ್ಸ್‌ಪೋರ್ಟ್ ಮಾಡಿ. ಪ್ರೊ ಟೂಲ್ಸ್ ಎಂಬ ಇನ್ನೊಂದು ಧ್ವನಿ ತಂತ್ರಾಂಶ ಕೂಡ ಅದನ್ನು ತೆರೆಯುತ್ತದೆ. ಇದೇ ಕೆಲಸದ ಹಳೆಯ ಕಡತ ಮಾದರಿ ಒಎಂಎಫ್‌ಗೆ 2 ಜಿಬಿ ಮಿತಿಯಿದೆ. ಬೇರೆ ದಾರಿ ಇಲ್ಲದಿದ್ದರಷ್ಟೇ ಅದು.

ಅದಕ್ಕೂ ಮೊದಲು ದೃಶ್ಯಗಳ ಸಂಕಲನ ಅಂತಿಮವಾಗಿರಲಿ. ಆಮೇಲೆ ನಿರ್ದೇಶಕರು ಒಂದೇ ಒಂದು ಶಾಟ್ ಕತ್ತರಿಸಿದರೂ ಅಲ್ಲಿಂದ ಮುಂದಿನ ಧ್ವನಿಯನ್ನೆಲ್ಲ ನೀವು ಮತ್ತೆ ಹೊಂದಿಸಬೇಕಾಗುತ್ತದೆ (ಅವರು ಕತ್ತರಿಸಿಯೇ ತೀರುತ್ತಾರೆ, ಅದು ಬೇರೆ ಮಾತು).

ಎಕ್ಸ್‌ಪೋರ್ಟ್ ಮಾಡುವಾಗ 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ‘ಹ್ಯಾಂಡಲ್’ ಎಂಬಲ್ಲಿ 50 ಫ್ರೇಮ್ ಕೊಡಿ: ಸೆಕೆಂಡಿಗೆ 25 ಫ್ರೇಮ್ ಇರುವ ಚಿತ್ರದಲ್ಲಿ ಪ್ರತಿ ತುಣುಕಿನ ಹಿಂದೆ ಮುಂದೆ ಎರಡೆರಡು ಸೆಕೆಂಡ್ ಧ್ವನಿ ಹೆಚ್ಚುವರಿಯಾಗಿ ಸಿಗುತ್ತದೆ. ಇದಿಲ್ಲದೆ ಸಂಭಾಷಣೆಗಳ ನಡುವೆ ನಯವಾದ ಫೇಡ್ (ಧ್ವನಿ ಮೆಲ್ಲಗೆ ಏರುವ, ಇಳಿಯುವ ಜೋಡಣೆ) ಹಾಕಲು ಜಾಗವೇ ಇರುವುದಿಲ್ಲ. ಲಾಜಿಕ್ ಪ್ರಾಜೆಕ್ಟ್ ಕೂಡ 48ರಲ್ಲೇ ಇರಲಿ. ಪರಿವರ್ತಿಸದೆ 44.1ರಲ್ಲಿ ನುಡಿಸಿದರೆ ಮಾತು ನಿಧಾನವಾಗಿ, ತಗ್ಗಿದ ಶ್ರುತಿಯಲ್ಲಿ ಕೇಳುತ್ತದೆ.

ತುಣುಕುಗಳ ಸ್ಥಾನ ಸರಿಯಾಗಿ ಬರುತ್ತದೆ. ಪ್ರೀಮಿಯರ್‌ನಲ್ಲಿ ಹಾಕಿದ ಈಕ್ಯೂ (ಧ್ವನಿಯ ಏರುತಗ್ಗು ಸ್ವರಗಳ ಹೊಂದಾಣಿಕೆ), ರಿವರ್ಬ್‌ (ಪ್ರತಿಧ್ವನಿ) ನಂತಹ ಎಫೆಕ್ಟ್‌ಗಳು ಬರುವುದಿಲ್ಲ. ಲಾಜಿಕ್‌ನಲ್ಲಿ ಹೊಸದಾಗಿ ಹಾಕಿಕೊಳ್ಳಿ. ಜೊತೆಗೆ ಟೈಮ್‌ಕೋಡ್ (ಪ್ರತಿ ಫ್ರೇಮ್‌ನ ಸಮಯದ ಗುರುತು) ಕಾಣುವ ಒಂದು ವೀಡಿಯೊ ಪ್ರತಿಯನ್ನೂ ತೆಗೆದುಕೊಳ್ಳಿ.

ಮರಳಿ ಕಳಿಸುವಾಗ ಪ್ರಾಜೆಕ್ಟ್ ಬೇಡ, ಸಂಭಾಷಣೆ, ಸಂಗೀತ, ಸದ್ದುಗಳು (ಸೌಂಡ್ ಎಫೆಕ್ಟ್) ಇವುಗಳ ಒಂದೊಂದು ವೇವ್ ಕಡತ ಸಾಕು. ಮೂರೂ ಚಿತ್ರದ ಮೊದಲ ಫ್ರೇಮ್‌ನಿಂದಲೇ ಶುರುವಾಗಬೇಕು. ಲಾಜಿಕ್ ಬದಲು ರೀಪರ್ ಎಂಬ ಧ್ವನಿ ತಂತ್ರಾಂಶ ಬಳಸುವವರು ಗಮನಿಸಿ: ಅದು ತಾನಾಗಿ ಎಎಎಫ್ ಓದುವುದಿಲ್ಲ, ಎಎಟ್ರಾನ್ಸ್‌ಲೇಟರ್‌ನಂತಹ ಪರಿವರ್ತಕ ಬೇಕು.