5 ಕಿಲೋವ್ಯಾಟ್ ಗಾಳಿಯಂತ್ರಕ್ಕೆ ಊರಿನ ದುಡ್ಡು ಹಾಕಬಹುದೇ?

ನಕ್ಷೆಯಲ್ಲಿ ನಿಮ್ಮೂರಿನ ಸರಾಸರಿ ಗಾಳಿ ಸೆಕೆಂಡಿಗೆ 5 ಮೀಟರ್ ಎಂದಿದೆ, 5 ಕಿಲೋವ್ಯಾಟಿನ ನಾಲ್ಕು ಯಂತ್ರಗಳನ್ನು ಶಾಲೆಯ ತಾರಸಿ ಮೇಲೆ ನಿಲ್ಲಿಸಿದರೆ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂದು ಕೇಳಿದ್ದೀರಿ. ನಾನೂ ಇಲ್ಲಿಂದಲೇ ಲೆಕ್ಕ ಶುರು ಮಾಡಿದವನು. ನೇರವಾಗಿ ಹೇಳುತ್ತೇನೆ: ತಾರಸಿಯೂ ಬೇಡ, ನಾಲ್ಕು ಸಣ್ಣ ಯಂತ್ರಗಳೂ ಬೇಡ.

ಯಂತ್ರದ ಮೇಲೆ ಬರೆದಿರುವ 5 ಕಿಲೋವ್ಯಾಟ್ ಸಿಗುವುದು ಸಾಮಾನ್ಯವಾಗಿ ಸೆಕೆಂಡಿಗೆ 11–12 ಮೀಟರ್ ಗಾಳಿ ಇದ್ದಾಗ. ನೋಡಬೇಕಾದದ್ದು ರೆಕ್ಕೆ ಸುತ್ತುವ ವೃತ್ತವನ್ನು. ವ್ಯಾಸ 5 ಮೀಟರ್ ಆದರೆ ಆ ವೃತ್ತ 19.6 ಚದರ ಮೀಟರ್. ಗಾಳಿಯ ಶಕ್ತಿಯಲ್ಲಿ 59.3%ಕ್ಕಿಂತ ಹೆಚ್ಚು ಹಿಡಿಯಲು ಯಾವ ರೆಕ್ಕೆಗೂ ಆಗದು. ಸಣ್ಣ ಯಂತ್ರದಲ್ಲಿ ನಷ್ಟಗಳೆಲ್ಲ ಕಳೆದು ಸುಮಾರು 25% ಎಂದು ಹಿಡಿಯಿರಿ. ಸೆಕೆಂಡಿಗೆ 5 ಮೀಟರ್ ಸರಾಸರಿ ಗಾಳಿಗೆ ಒಂದು ಯಂತ್ರದಿಂದ ವರ್ಷಕ್ಕೆ ಹತ್ತಿರಹತ್ತಿರ 6,300 ಯೂನಿಟ್. ಪೂರ್ತಿ ಸಾಮರ್ಥ್ಯದಲ್ಲಿ ವರ್ಷವಿಡೀ ಓಡಿದರೆ ಬರುವ 43,800 ಯೂನಿಟ್ ಜಾಹೀರಾತಿನ ಕಾಗದದಲ್ಲಿ ಮಾತ್ರ.

ಆದರೆ ಈ 6,300 ಕೂಡ ಬರುವುದಿಲ್ಲ. ದುಡ್ಡು ಮುಳುಗುವುದು ಇಲ್ಲಿಯೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನಕ್ಷೆಯ ಅಂಕಿ ಯಾವ ಎತ್ತರದ್ದು? ಬಹಳಷ್ಟು ನಕ್ಷೆಗಳು ಕೊಡುವುದು 50 ಅಥವಾ 100 ಮೀಟರ್ ಎತ್ತರದ ಗಾಳಿಯನ್ನು. 50 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5 ಮೀಟರ್ ಇದ್ದ ಗಾಳಿ ಬಯಲಲ್ಲೇ 12 ಮೀಟರ್ ಎತ್ತರಕ್ಕೆ ಇಳಿಯುವಾಗ ಸುಮಾರು 4 ಆಗುತ್ತದೆ. ಸುತ್ತ ಮರ, ಮನೆಗಳಿದ್ದರೆ 3.5. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ 6,300 ಯೂನಿಟ್ ಮೊದಲು 3,200ಕ್ಕೆ, ಆಮೇಲೆ ಸುಮಾರು 2,200ಕ್ಕೆ ಕುಸಿಯುತ್ತದೆ. ಸಾಲದ ಕಂತು ಮಾತ್ರ ಕುಸಿಯುವುದಿಲ್ಲ. ತಾರಸಿಯ ಅಂಚಿಗೆ ಬಡಿದ ಗಾಳಿ ಸುಳಿಯುತ್ತದೆ; ಯಂತ್ರ ದಿಕ್ಕು ಹುಡುಕುತ್ತಾ ತಿರುಗಾಡುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ, ಅದರ ನಡುಕ ಗೋಡೆಗೆ ಇಳಿಯುತ್ತದೆ. ರೆಕ್ಕೆಯ ಕೆಳತುದಿ ಸುತ್ತ 150 ಮೀಟರಿನೊಳಗಿನ ಎಲ್ಲ ಅಡ್ಡಿಗಳಿಗಿಂತ ಕನಿಷ್ಠ 9 ಮೀಟರ್ ಮೇಲಿರಬೇಕು.

ಅದಕ್ಕೇ ಮೊದಲ ಖರ್ಚು ಅಳತೆಯ ಕಂಬಕ್ಕೆ ಆಗಲಿ. ಎರಡು ಎತ್ತರಗಳಲ್ಲಿ ಗಾಳಿಮಾಪಕ ಇರಲಿ, ಮೇಲಿನದು ಯಂತ್ರದ ಎತ್ತರದ ಮೂರನೇ ಎರಡು ಭಾಗಕ್ಕಾದರೂ ಮುಟ್ಟಲಿ. 10 ನಿಮಿಷದ ಸರಾಸರಿಗಳನ್ನು ಪೂರ್ತಿ 12 ತಿಂಗಳು ದಾಖಲಿಸಿ. ಆರು ತಿಂಗಳಿಗೇ ನಿಲ್ಲಿಸಬೇಡಿ. ಗಾಳಿಯ ಕಾಲವಷ್ಟೇ ಸಿಕ್ಕಿರುತ್ತದೆ. ಆ ವರ್ಷ ಹೆಚ್ಚು ಗಾಳಿಯದೋ ಕಡಿಮೆಯದೋ ಎಂದು ಹತ್ತಿರದ ಹವಾಮಾನ ಕೇಂದ್ರದ ಹಳೆಯ ದಾಖಲೆಗೆ ಹೋಲಿಸಿ ತಿದ್ದಬೇಕು. ಸಾಲದ ಲೆಕ್ಕವನ್ನು ಸರಾಸರಿ ಇಳುವರಿಯ ಮೇಲೆ ಹಾಕಬೇಡಿ. 90% ಖಾತ್ರಿಯಿರುವ ಕಡಿಮೆ ಅಂಕಿಯ ಮೇಲೆ ಹಾಕಿ.

ಗ್ರಿಡ್, ಅಂದರೆ ಸಾರ್ವಜನಿಕ ವಿದ್ಯುತ್ ಜಾಲ, ಹತ್ತಿರವಿದ್ದರೆ ಒಂದೇ ದೊಡ್ಡ ಯಂತ್ರ ಹಾಕಿ. ವ್ಯಾಸ ಎರಡು ಪಟ್ಟಾದರೆ ಹಿಡಿಯುವ ಗಾಳಿ ನಾಲ್ಕು ಪಟ್ಟು, ಜೊತೆಗೆ ಎತ್ತರವೂ ಸಿಗುತ್ತದೆ. ಸ್ಕಾಟ್ಲೆಂಡಿನ ಗೀಯಾ ದ್ವೀಪದವರು 225 ಕಿಲೋವ್ಯಾಟಿನ ಮೂರು ಬಳಸಿದ ಯಂತ್ರಗಳನ್ನು ತಂದು ಗ್ರಿಡ್‌ಗೆ ಮಾರಿದರು. ಅಂಥದ್ದೊಂದು 30% ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ 5.9 ಲಕ್ಷ ಯೂನಿಟ್. ಆದರೆ ವಿದ್ಯುತ್ ಕೊಳ್ಳುವ ಕರಾರು, ಫೀಡರಿನಲ್ಲಿ (ಊರಿನ ವಿದ್ಯುತ್ ತಂತಿಯಲ್ಲಿ) ಜಾಗ, ಕ್ರೇನ್ ಬರುವ ದಾರಿ ಈ ಮೂರೂ ಕಾಗದದ ಮೇಲೆ ಸಿಗುವವರೆಗೆ ಮುಂಗಡ ಕೊಡಬೇಡಿ. ಗೇರ್‌ಬಾಕ್ಸ್ ಬದಲಿಸಲು ಮೊದಲ ವರ್ಷದಿಂದಲೇ ಹಣ ಎತ್ತಿಡಿ. ಅದು ಕೆಟ್ಟಾಗ ಬಿಡಿಭಾಗದ ಜೊತೆ ಕ್ರೇನ್ ಬಾಡಿಗೆ ಬರುತ್ತದೆ, ಯಂತ್ರ ನಿಂತ ತಿಂಗಳುಗಳ ವರಮಾನವೂ ಹೋಗುತ್ತದೆ.

ಗ್ರಿಡ್ ಇಲ್ಲದ ಊರಾದರೆ ಗಾಳಿಯೊಂದನ್ನೇ ನಂಬಬೇಡಿ. ಸ್ಕಾಟ್ಲೆಂಡಿನದೇ ಎಗ್ ದ್ವೀಪದವರು 2008ರಲ್ಲಿ ಜಲವಿದ್ಯುತ್, ಗಾಳಿ, ಸೌರ, ಬ್ಯಾಟರಿಗಳನ್ನು ಸೇರಿಸಿ, ಡೀಸೆಲ್ ಜನರೇಟರನ್ನು ಬೆನ್ನಿಗಿಟ್ಟುಕೊಂಡು ಶುರು ಮಾಡಿದರು. ಒಂದು ಮನೆಗೆ ಒಮ್ಮೆಗೆ 5 ಕಿಲೋವ್ಯಾಟ್ ಮಿತಿ. ಅಂಥ ಕಡೆ ಸಣ್ಣ ಯಂತ್ರ ಸರಿ, ಆದರೆ ಕ್ರೇನ್ ಇಲ್ಲದೆ ಮಲಗಿಸಿ ರಿಪೇರಿ ಮಾಡಬಲ್ಲ ಕಂಬವನ್ನೇ ಕೊಳ್ಳಿ. ನಿಮ್ಮ ನಕ್ಷೆಯ 5 ಮೀಟರ್ ಯಾವ ಎತ್ತರದ್ದು ಎಂದು ನೋಡಿ ಬರೆಯಿರಿ, ಮುಂದಿನ ಲೆಕ್ಕ ಅಲ್ಲಿಂದ ಮಾಡೋಣ.