ಸಂಪಾದಕರ ಉತ್ತರ: ನಿಯಮ ಇರಲಿ, ಮೊದಲೇ ಹೇಳಲಿ

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ಹೊರದೇಶದ ಮಾಲಿಗೆ ನಾವು ಹಾಕುವ ಆರೋಗ್ಯ ನಿಯಮಗಳನ್ನು ಮೊದಲೇ ಅವರಿಗೆ ತಿಳಿಸಬೇಕಂತೆ. ನಮ್ಮ ಮನೆಗೆ ಯಾರನ್ನು ಬಿಡಬೇಕು ಅಂತ ಬೇರೆಯವರನ್ನು ಯಾಕೆ ಕೇಳಬೇಕು?’

ನಿಮ್ಮ ಕಳಕಳಿ ಅರ್ಥವಾಗುತ್ತದೆ. ರೋಗ, ಹುಳ, ವಿಷ ಹೊತ್ತು ಬಂದ ಮಾಲನ್ನು ತಡೆಯುವ ಹಕ್ಕು ಪ್ರತಿ ದೇಶಕ್ಕೂ ಇದೆ. ಆದರೆ ಹಾವೇರಿಯಲ್ಲಿ ಕೂತು ಈ ಪ್ರಶ್ನೆ ಕೇಳಿದ್ದೀರಲ್ಲ, ಬ್ಯಾಡಗಿ ಪೇಟೆ ನಿಮಗೆಷ್ಟು ದೂರ?

ನನ್ನ ಸೋದರಮಾವ ಮೆಣಸಿನಕಾಯಿ ಬೆಳೆಯುತ್ತಿದ್ದರು. ಕಣದಲ್ಲಿ ನೆಲದ ಮೇಲೇ ಹರವುತ್ತಿದ್ದರು. ಸಂಜೆ ಇಬ್ಬನಿ ಬೀಳುವ ಮುಂಚೆ ತಾಡಪತ್ರಿ ಹೊದಿಸುವ ಕೆಲಸ ನಮ್ಮಂಥ ಹುಡುಗರದು. ಒಂದು ವರ್ಷ ಅಕಾಲ ಮಳೆ ಬಂದು ಅಲ್ಲಲ್ಲಿ ಬೂಷ್ಟು ಹಿಡಿಯಿತು. ಬಣ್ಣ ನೋಡಿ ಮಾಲು ಇಳಿಸಿಕೊಂಡ ವ್ಯಾಪಾರಿ ಆಮೇಲೆ ‘ಇದು ಹೊರದೇಶಕ್ಕೆ ನಡೆಯೋದಿಲ್ಲ’ ಅಂದರು. ‘ಎಷ್ಟಿದ್ದರೆ ನಡೆಯುತ್ತೆ?’ ಅಂತ ಮಾವ ಕೇಳಿದರು. ಉತ್ತರವಿಲ್ಲ. ಹೇಳಿದ ಬೆಲೆಗೆ ಸುಮ್ನೆ ಕೊಟ್ಟು ಬಂದರು. ಆ ಮುಖ ನನಗಿನ್ನೂ ನೆನಪಿದೆ.

ಆ ಬೂಷ್ಟಿನ ವಿಷದ ಹೆಸರು ಅಫ್ಲಾಟಾಕ್ಸಿನ್. ಯುರೋಪ್ ಒಕ್ಕೂಟ ಒಣಮೆಣಸಿನಕಾಯಿಗೆ ಇಟ್ಟಿರುವ ಮಿತಿ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ. ತೀರಾ ಬಿಗಿ, ನಿಜ. ಆದರೂ ಬರೆದಿಟ್ಟಿದ್ದಾರೆ ಅಲ್ವಾ? ಅದಕ್ಕೇ ಇವತ್ತು ಮಾಲು ಕಳಿಸುವವರು ಮೊದಲೇ ಪರೀಕ್ಷೆ ಮಾಡಿಸಬಹುದು. ಬರೆಯದೇ ಇದ್ದಿದ್ದರೆ ಬಂದರಿನ ಅಧಿಕಾರಿ ಅಂದದ್ದೇ ಲೆಕ್ಕ.

1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಕೇಳುವುದೂ ಇಷ್ಟೇ. ವ್ಯಾಪಾರಕ್ಕೆ ಪೆಟ್ಟು ಕೊಡುವಂಥ ಹೊಸ ನಿಯಮವಿದ್ದರೆ ಕರಡು ಇರುವಾಗಲೇ ತಿಳಿಸಿ. ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಕೊಡಿ. ಪ್ರಶ್ನೆ ಬಂದರೆ ಉತ್ತರಿಸಲು ಒಂದು ಕಚೇರಿ ಇಡಿ. ರೋಗ ತಟ್ಟನೆ ಬಂದರೆ ಕಾಯಬೇಕಿಲ್ಲ, ತಕ್ಷಣ ತಡೆಯಬಹುದು. ತಿಳಿಸುವುದು ಅಂದರೆ ಅಪ್ಪಣೆ ಕೇಳುವುದಲ್ಲ, ಗೆಳೆಯರೇ. ಹಕ್ಕಿಜ್ವರದ ಹೆಸರಲ್ಲಿ ಅಮೆರಿಕದ ಕೋಳಿ ತಡೆದ ವ್ಯಾಜ್ಯದಲ್ಲಿ 2015ರಲ್ಲಿ ನಾವು ಸೋತೆವು. ಸರಿಯಾಗಿ ಮುಂಚೆ ತಿಳಿಸಲಿಲ್ಲ ಅನ್ನುವುದೂ ನಮ್ಮ ತಪ್ಪುಗಳ ಪಟ್ಟಿಯಲ್ಲಿತ್ತು. ಆ ಪಾಠ ನಮಗೆ ಬೇಕಿತ್ತು ಅಂತಲೇ ನನ್ನ ಅನಿಸಿಕೆ.

ನನ್ನ ಸಿಟ್ಟು ಬೇರೆ ಕಡೆ ಇದೆ. ಆ ವ್ಯಾಪಾರ ಸಂಸ್ಥೆ ಕೂತಿರುವ ಜಿನೀವಾಕ್ಕೆ ಗೊತ್ತಾಗುವ ಅಂಕಿ ನಮ್ಮ ಕಣಕ್ಕೆ ಬರುವುದಿಲ್ಲ. ಬಂದರೂ ಇಂಗ್ಲಿಷ್‌ನಲ್ಲಿ. ಒಮ್ಮೆ ಒಂದು ಕಚೇರಿಯಲ್ಲಿ ಕನ್ನಡದ ಪ್ರತಿ ಕೇಳಿದೆ. ‘ಅದೆಲ್ಲ ರಫ್ತಿನವರಿಗೆ, ರೈತರಿಗೆ ಯಾಕೆ?’ ಅಂದರು. ಒಣಗಿಸುವವರು ಯಾರು ಸ್ವಾಮಿ?

ಪೇಟೆಯಲ್ಲಿ ದಿನದ ದರ ಬರೆಯುವ ಹಲಗೆ ಇರುತ್ತದಲ್ಲ, ಅದರ ಪಕ್ಕ ಈ 10 ಮೈಕ್ರೋಗ್ರಾಂ ಲೆಕ್ಕವನ್ನೂ ಕನ್ನಡದಲ್ಲಿ ಬರೆಯಿರಿ ಅಂತ ಮುಂದಿನ ಸಲ ಹೋದಾಗ ನೀವೇ ಕೇಳಿ. ಏನಂದರು ಅಂತ ನನಗೆ ಬರೆಯಿರಿ.